ಲಾಠಿಯು ಮದ್ದಲ್ಲ

"ಠಾಣೆಗೆ ಕರೆದೊಯ್ದು ಸ್ವಲ್ಪ ಹೆದರಿಸಿದರೆ ಸರಿಹೋಗುತ್ತಾನೆ, ಅಲ್ಲವೇ ಡಾಕ್ಟರೇ?" ಮನೋರೋಗಿಯನ್ನು ನೋಡಿಕೊಂಡು ಬಳಲಿದ ಬಂಧುಗಳು ವೈದ್ಯರ ಮುಂದೆ ಹೀಗೆ ಕೇಳುವುದುಂಟು. ಈ ಮಾತಿನ ಹಿಂದೆ ನಿದ್ದೆಗೆಟ್ಟ ರಾತ್ರಿಗಳಿವೆ, ನೆರೆಹೊರೆಯವರ ದೂರುಗಳಿವೆ. ಬಂಧುಗಳ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಈ ಕೋರಿಕೆ ರೋಗಿಯ ಪ್ರಾಣಕ್ಕೇ ಎರವಾಗಬಲ್ಲದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹೆದರಿಕೆಯಿಂದ ಹುಚ್ಚು ಬಿಡುತ್ತದೆ ಎಂಬ ನಂಬಿಕೆ ಬಹು ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 9ನೆಯ ಅಧ್ಯಾಯ ಉನ್ಮಾದಕ್ಕೆ ಮೀಸಲಾಗಿದೆ. ಅಲ್ಲಿ ಘೃತಪಾನ, ಶೋಧನ, ಹಿತೈಷಿಗಳ ಸಾಂತ್ವನಗಳ ಜೊತೆಗೆ ರೋಗಿಯನ್ನು ಕಟ್ಟುವುದು, ಚಾವಟಿಯಿಂದ ಹೊಡೆಯುವುದು, ರಾಜಭಟರಿಂದ ಪ್ರಾಣಭಯ ಹುಟ್ಟಿಸುವುದು ಕೂಡ ಹೇಳಲ್ಪಟ್ಟಿದೆ. ಆಯುರ್ವೇದವನ್ನೇ ಜೀವನವೃತ್ತಿಯಾಗಿಸಿಕೊಂಡ ನಾವು ಇದನ್ನು ಮರೆಮಾಚುವುದು ಸಲ್ಲದು; ಇಂದು ಅನುಸರಿಸುವುದೂ ಸಲ್ಲದು. ಅದೇ ಅಧ್ಯಾಯವು ಉನ್ಮಾದದ ಕಾರಣಗಳನ್ನು ಎಣಿಸುವಾಗ ಭಯದಿಂದ ಮನಸ್ಸಿಗಾಗುವ ಆಘಾತವನ್ನೂ ಹೆಸರಿಸುತ್ತದೆ. ರೋಗಕ್ಕೆ ಕಾರಣವಾದದ್ದೇ ರೋಗಕ್ಕೆ ಮದ್ದಾಗುವುದೆಂತು?

ಕಿವಿಯೊಳಗೆ ಇಲ್ಲದ ಧ್ವನಿಗಳು ಕೇಳುತ್ತಿರುವ ವ್ಯಕ್ತಿಗೆ ಹೊರಗಿನ ಗದರಿಕೆ ಸರಿಯಾಗಿ ತಲುಪುವುದಿಲ್ಲ. ತನ್ನನ್ನು ಯಾರೋ ಕೊಲ್ಲಲು ಬರುತ್ತಿದ್ದಾರೆಂದು ನಂಬಿದವನಿಗೆ ಲಾಠಿ ಹಿಡಿದವರು ಕಂಡೊಡನೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಹೇಳಿದಂತೆ ಕೇಳದಿರುವುದು ಇಲ್ಲಿ ರೋಗದ ಲಕ್ಷಣ. ನೋಡುವವರಿಗೆ ಅದು ಉದ್ಧಟತನವಾಗಿ ತೋರುತ್ತದೆ. ಮದ್ಯ ಬಿಟ್ಟ ಎರಡು ಮೂರು ದಿನಗಳಲ್ಲಿ ಬರುವ ಸನ್ನಿ, ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಕುಸಿದಾಗಿನ ಗೊಂದಲ, ಜ್ವರ ತಲೆಗೇರಿದ ಸ್ಥಿತಿ ಇವೂ ಹುಚ್ಚಿನಂತೆಯೇ ಕಾಣುತ್ತವೆ. ಇಂಥವರಿಗೆ ಬೀಳುವ ಪೆಟ್ಟು, ಆಸ್ಪತ್ರೆಗೆ ಆಗುವ ವಿಳಂಬ, ಎರಡೂ ಮಾರಕ. ಬೋರಲು ಕೆಡವಿ ಬೆನ್ನ ಮೇಲೆ ಭಾರ ಹೇರಿದರೆ ಉಸಿರೇ ನಿಲ್ಲಬಹುದು.

ನಮ್ಮ ಕಾನೂನು ಈ ವಿಷಯದಲ್ಲಿ ಬಹು ಮುಂದೆ ಸಾಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದ 100ನೆಯ ಪ್ರಕರಣದಂತೆ, ಮನೋರೋಗದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಹತ್ತಿರದ ಸಾರ್ವಜನಿಕ ಆಸ್ಪತ್ರೆಗೆ ಒಯ್ಯಬೇಕು. ಹೀಗೆ ರಕ್ಷಣೆಗೆ ಪಡೆದವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿಡುವಂತಿಲ್ಲ. ಅಂದು ಹೆದರಿಸಲು ಬರುತ್ತಿದ್ದ ರಾಜಭಟನನ್ನು ಇಂದಿನ ಕಾನೂನು ರೋಗಿಯ ರಕ್ಷಕನನ್ನಾಗಿಸಿದೆ.

ರಕ್ಷಕರು ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ನಾಡು ಕಂಡಿದೆ. 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕೇರಳದ ವ್ಯಕ್ತಿಯೊಬ್ಬರು ಗುಂಪಿನ ಹಲ್ಲೆಗೆ ಸಿಲುಕಿ ಮೃತಪಟ್ಟರು. ಅವರು ಮಾನಸಿಕವಾಗಿ ಅಸ್ವಸ್ಥರಾಗಿದ್ದರೆಂದು ಕುಟುಂಬದವರು ತಿಳಿಸಿದರು. ಹೊಡೆದವರು ಸಾರ್ವಜನಿಕರು, ಆದರೆ ಆ ಸಾವು ಮೊದಲು ಅಸಹಜ ಸಾವೆಂದಷ್ಟೇ ದಾಖಲಾಯಿತು. ಬಳಿಕ ಕೊಲೆ ಪ್ರಕರಣವಾಗಿ, ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತುಗೊಂಡರು. ಬಲಪ್ರಯೋಗದಷ್ಟೇ ಉಪೇಕ್ಷೆಯೂ ಅಪಾಯಕರ.

ಪೊಲೀಸರ ಕಷ್ಟವನ್ನೂ ನಾವು ಬಲ್ಲೆವು. ಕೈಯಲ್ಲಿ ಮಚ್ಚು ಹಿಡಿದು ನಿಂತವರ ಬಳಿಗೆ ಮೊದಲು ಹೋಗಬೇಕಾದವರು ಅವರೇ. ಪ್ರಾಣಾಪಾಯವಿದ್ದಾಗ ತಡೆದು ಹಿಡಿಯುವುದು ಅನಿವಾರ್ಯ. ಹಿಡಿದ ಮೇಲೆ ಹೊಡೆಯುವುದಕ್ಕೆ ಸಮರ್ಥನೆಯಿಲ್ಲ. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಮನೋರೋಗಿಯೊಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಮರುವರ್ಷವೇ ಅಲ್ಲಿ ಪೊಲೀಸರು, ವೈದ್ಯರು, ರೋಗಿಗಳ ಕುಟುಂಬದವರು ಕೂಡಿ, 40 ಗಂಟೆಗಳ ತರಬೇತಿ ಪಡೆದ ವಿಶೇಷ ಪೊಲೀಸ್ ತಂಡವನ್ನು ಕಟ್ಟಿದರು. ನಿಮ್ಹಾನ್ಸ್‌ನಂಥ ಸಂಸ್ಥೆಯಿರುವ ನಮ್ಮ ನಗರದಲ್ಲಿ ಪ್ರತಿ ಠಾಣೆಗೂ ಇಂಥ ತರಬೇತಿ ಹೊಂದಿದ ಇಬ್ಬರಾದರೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅಷ್ಟರಲ್ಲಿ ನಮ್ಮಿಂದಾಗಬಹುದಾದ ಕೆಲಸವೂ ಇದೆ. ಬನಶಂಕರಿ ದೇವಾಲಯದ ಮುಂದೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಮಠಗಳ ದಾಸೋಹದ ಪಂಕ್ತಿಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಳ್ಳುವವರು ಕಂಡರೆ ಅವರ ಸುತ್ತ ಗುಂಪುಗೂಡಬಾರದು, ಮೊಬೈಲಿನಲ್ಲಿ ಚಿತ್ರೀಕರಿಸಬಾರದು. ಮನೆಯವರಲ್ಲಿ ಒಬ್ಬರೇ ತಗ್ಗಿದ ದನಿಯಲ್ಲಿ ಮಾತನಾಡಬೇಕು. ರೋಗಿ ಹೊರಹೋಗುವ ಬಾಗಿಲಿಗೆ ಅಡ್ಡ ನಿಲ್ಲಬಾರದು. ಸಲಹೆಗೆ 14416 ಸಂಖ್ಯೆಯ ಟೆಲಿ ಮನಸ್ ಉಚಿತ ಸಹಾಯವಾಣಿ ಹಗಲಿರುಳೂ ದೊರೆಯುತ್ತದೆ. ಅಪಾಯವಿದ್ದು 112ಕ್ಕೆ ಕರೆಮಾಡುವಾಗ "ಗಲಾಟೆ ಮಾಡುತ್ತಿದ್ದಾನೆ" ಎನ್ನುವ ಬದಲು "ಇವರಿಗೆ ಮನೋರೋಗವಿದೆ, ಆಸ್ಪತ್ರೆಗೆ ಸೇರಿಸಲು ನೆರವು ಬೇಕು" ಎನ್ನಿರಿ. ಸೇವಿಸುತ್ತಿರುವ ಔಷಧಗಳ ಹೆಸರು, ಕೈಯಲ್ಲಿ ಆಯುಧವಿದೆಯೇ ಎಂಬುದನ್ನೂ ತಿಳಿಸಿರಿ. ಆಯುರ್ವೇದ ಚಿಕಿತ್ಸೆ ನಡೆಯುತ್ತಿದ್ದರೂ ಉದ್ರೇಕದ ಸ್ಥಿತಿಯಲ್ಲಿ ಮನೋವೈದ್ಯರಿರುವ ಆಸ್ಪತ್ರೆಗೇ ಒಯ್ಯಬೇಕು. ಬನಶಂಕರಿಯವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆ ಹತ್ತಿರವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಕೂಡ ದೂರವಿಲ್ಲ.

ಪೊಲೀಸರು ಮನೆಬಾಗಿಲಿಗೆ ಬಂದಾಗ ನಾವು ಆಡುವ ಮೊದಲ ಮಾತು ಅವರ ನಡವಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆ ಮಾತು "ಎರಡು ಬಿಗಿಯಿರಿ" ಎಂಬುದಾಗದಿರಲಿ.