ದುಡ್ಡು ಕೊಟ್ಟರೆ ಕ್ಯೂ ಕರಗುತ್ತದೆಯೇ?

‘ಆ್ಯಪ್ ಬಂದ ಮೇಲೆ ಥೀಮ್ ಪಾರ್ಕ್‌ಗಳಲ್ಲಿ ಕಾಯುವುದೇ ಬೇಡ’ ಎಂಬುದು ಅರ್ಧ ಸತ್ಯ. ಅಮೆರಿಕದ ಡಿಸ್ನಿ ವರ್ಲ್ಡ್‌ನಲ್ಲಿ 1999ರಲ್ಲಿ ಶುರುವಾದ ಫಾಸ್ಟ್‌ಪಾಸ್ ಉಚಿತವಾಗಿತ್ತು. 2021ರಲ್ಲಿ ಅದರ ಜಾಗಕ್ಕೆ ದಿನಕ್ಕೆ 15 ಡಾಲರ್ ಶುಲ್ಕದ ಆ್ಯಪ್ ಸೇವೆ ಬಂತು. ಬೆಂಗಳೂರಿನ ವಂಡರ್‌ಲಾದಲ್ಲೂ ಹೆಚ್ಚು ಬೆಲೆಯ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ.

ಆದರೆ ಹಣ ಕೊಟ್ಟ ಮಾತ್ರಕ್ಕೆ ರೈಡ್‌ನ ಸೀಟುಗಳು ಹೆಚ್ಚುವುದಿಲ್ಲ. ಒಂದು ರೈಡ್ ಗಂಟೆಗೆ 1,000 ಜನರನ್ನು ಕೂರಿಸುತ್ತದೆ ಎಂದುಕೊಳ್ಳಿ. ನಿಮ್ಮ ಮುಂದೆ 500 ಜನರಿದ್ದರೆ ಅರ್ಧ ಗಂಟೆ ಕಾಯಬೇಕು. ಗಂಟೆಗೆ 750 ಸೀಟು ಪಾಸ್ ಇರುವವರಿಗೆ ಹೋದರೆ? ಅದೇ ಸಾಲಿನಲ್ಲಿ ಎರಡು ಗಂಟೆ!

ಪಾಸ್ ಕಾಯುವಿಕೆಯನ್ನು ಅಳಿಸುವುದಿಲ್ಲ, ಕೊಳ್ಳಲಾಗದವರ ಮೇಲೆ ಹೊರಿಸುತ್ತದೆ. ರಜೆ ಇಲ್ಲದ ವಾರದ ದಿನ, ಗೇಟ್ ತೆರೆಯುವ ಹೊತ್ತಿಗೇ ಹೋದರೆ ಪಾಸ್ ಇಲ್ಲದೆಯೂ ಸಮಯ ಉಳಿಸಬಹುದು.