ತಲೆಯೊಳಗಿನ ಬೇಲಿ ಕೀಳೋಣ



ಪಕ್ಕದ ಹೊಲದವನು ಒಂದು ಗೇಣು ಬದು ಒತ್ತಿದರೆ ನಾವು ಸುಮ್ಮನಿರುವುದಿಲ್ಲ. ಪಂಚಾಯ್ತಿ ಸೇರಿಸ್ತೀವಿ, ಸರ್ವೆಯವರನ್ನು ಕರೆಸ್ತೀವಿ, ಕೋರ್ಟಿಗೂ ಹೋಗ್ತೀವಿ. ಆದರೆ ನಮ್ಮ ತಲೆಯೊಳಗೆ ನಾವೇ ಹಾಕಿಕೊಂಡ ಬೇಲಿ ಒಂದಿದೆ. ವರ್ಷ ವರ್ಷ ಅದು ನಮ್ಮನ್ನೇ ಒತ್ತುತ್ತಾ ಬಂದಿದೆ. ಅದರ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ.

ಯಾವುದು ಆ ಬೇಲಿ? "ಬೆಲೆ ನಮ್ಮ ಕೈಲಿಲ್ಲ, ಸಾಲ ನಮ್ಮ ಹಣೆಬರಹ" ಎಂಬ ಮಾತು. ಇದನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಹೇರಿಲ್ಲ. ನಾವೇ ಒಪ್ಪಿಕೊಂಡು ಕೂತಿದ್ದೀವಿ.

ಸುಗ್ಗಿ ಮುಗಿದ ಮೇಲೆ ನೀವು ಲೆಕ್ಕ ಹಾಕುವ ರೀತಿ ನೋಡಿ. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಔಷಧಿಗೆ, ಟ್ರ್ಯಾಕ್ಟರ್ ಬಾಡಿಗೆಗೆ, ಆಳಿನ ಕೂಲಿಗೆ, ಮಂಡಿಗೆ ಸಾಗಿಸಿದ್ದಕ್ಕೆ ಇಷ್ಟು. ಅಲ್ಲಿಗೆ ಮುಗೀತು. ನಿಮ್ಮ ಕೂಲಿ ಎಲ್ಲಿ? ಹೆಂಡತಿಯ ಕೂಲಿ ಎಲ್ಲಿ? ಕೇಳಿದರೆ "ಮನೆಯವರ ಕೆಲಸಕ್ಕೆಂಥ ಲೆಕ್ಕ?" ಅಂತೀರಿ. ಗಂಡ ಹೆಂಡತಿ ಒಂದು ಬೆಳೆಗೆ ತಲಾ 30 ದಿನ ದುಡಿದಿರಿ ಎಂದು ಹಿಡಿಯಿರಿ. ದಿನಕ್ಕೆ 400 ರೂಪಾಯಿ ಕೂಲಿ ಎಂದರೂ 24,000 ಆಯಿತು. ಇದನ್ನು ಖರ್ಚಿಗೆ ಸೇರಿಸದೆ, ಕೈಗೆ 10,000 ಉಳಿದರೆ "ಪರವಾಗಿಲ್ಲ, ಹತ್ತು ಸಾವಿರ ಲಾಭ" ಅಂತೀರಿ. ಅದು ಲಾಭವಲ್ಲ ಸ್ವಾಮಿ, 14,000 ನಷ್ಟ.

ನೀವು ಬಿಟ್ಟ ಈ ಕೂಲಿಯನ್ನು ದೆಹಲಿಯವರು ಬರೆದುಕೊಂಡಿದ್ದಾರೆ! ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಹತ್ತಿರ ಮೂರು ಬಗೆಯ ಲೆಕ್ಕ ಇದೆ. ಒಂದು, ರೈತ ಕೈಯಿಂದ ಹಾಕಿದ ಖರ್ಚು. ಎರಡು, ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿದ್ದು. ಮೂರು, ಅದರ ಜೊತೆಗೆ ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದ್ದು. 2018ರ ಬಜೆಟ್ಟಿನಿಂದೀಚೆಗೆ ಕೇಂದ್ರ ಸರ್ಕಾರ ಖರ್ಚಿನ ಒಂದೂವರೆ ಪಟ್ಟು ಎಂದು ಹೇಳುತ್ತಿರುವುದು ಎರಡನೆಯ ಲೆಕ್ಕದ ಮೇಲೆ. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೆಯದರ ಮೇಲೆ. ನಾವು ಮಾತ್ರ ಮನೆಯಲ್ಲಿ ಮೊದಲನೆಯದಕ್ಕೇ ನಿಂತರೆ, ವೈಜ್ಞಾನಿಕ ಬೆಲೆ ಕೇಳಲು ನಮಗೆ ಬಾಯಿ ಎಲ್ಲಿಂದ ಬರಬೇಕು?

ಈ ತಪ್ಪು ಲೆಕ್ಕದಿಂದಲೇ ನಾಚಿಕೆ ಹುಟ್ಟುತ್ತದೆ. "ಲಾಭ ಬಂದಿತ್ತಲ್ಲ, ಆದರೂ ಸಾಲ ಆಯ್ತು, ನನ್ನದೇ ದಡ್ಡತನ" ಎಂದು ಕೊರಗ್ತೀವಿ. ಸಾಹೇಬರ ಮುಂದೆ ಕೈಕಟ್ಟಿ ನಿಲ್ತೀವಿ. ನೆಂಟರ ಮನೆ ಬಿಡ್ತೀವಿ, ಜಾತ್ರೆ ಬಿಡ್ತೀವಿ, ಮಗಳ ಓದು ನಿಲ್ಲಿಸೋ ಯೋಚನೆ ಮಾಡ್ತೀವಿ. ಹೆಂಡತಿಗೂ ಸಾಲದ ಮೊತ್ತ ಹೇಳೋದಿಲ್ಲ. ಈ ಗುಟ್ಟನ್ನು ಒಬ್ಬನೇ ಹೊತ್ತು ಪ್ರಾಣ ಕಳಕೊಂಡವರ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆ, ನಿಮಗೇ ಗೊತ್ತು.

ಹಾಗಂತ ಎಲ್ಲ ಸಾಲಕ್ಕೂ ಬೆಲೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಮದುವೆಯ ಆಡಂಬರಕ್ಕೆ ಮಾಡಿದ ಸಾಲ ನಮ್ಮದೇ. ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ಬೆಲೆ ಸಿಗದೆ ಬಿದ್ದ ಸಾಲ ಎಷ್ಟೆಂಬುದು ಆಗ ತಾನೇ ಕಾಣುತ್ತದೆ.

ಬೇಲಿ ಕೀಳಬಹುದು ಎಂಬುದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ ಎದ್ದು ನಿಂತರು. ಗೋಲಿಬಾರಿನಲ್ಲಿ ರೈತರು ಸತ್ತರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಆ ದಶಕದಲ್ಲಿ ಊರೂರ ಬಾಗಿಲಲ್ಲಿ ಬೋರ್ಡು ಬಿತ್ತು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂದು. ಜಪ್ತಿಯಾದ ಸಾಮಾನನ್ನು ರೈತರೇ ಹೋಗಿ ವಾಪಸ್ಸು ತಂದರು. ಬಾಕಿದಾರ ರೈತನಲ್ಲ, ನ್ಯಾಯವಾದ ಬೆಲೆ ಕೊಡದ ಸರ್ಕಾರ ಎಂಬ ವಾದ ಎದ್ದದ್ದು ಆಗಲೇ. ಅವರ ಸಾಲವೇನೂ ರಾತ್ರೋರಾತ್ರಿ ತೀರಲಿಲ್ಲ. ಆದರೆ ಸಾಲದ ಭಯ ಹೋಯಿತು, ತಲೆ ಎತ್ತಿ ಮಾತಾಡಿದರು.

ನೀವೂ ಇವತ್ತೇ ಒಂದು ನೋಟ್ ಪುಸ್ತಕ ತನ್ನಿ. ಹೆಂಡತಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಸಾಲ ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಿ. ಮನೆಯವರ ಕೂಲಿಯನ್ನೂ ಬರೆಯಿರಿ. ಆಮೇಲೆ ಊರಿನ ಹತ್ತು ಮನೆಯ ಪುಸ್ತಕಗಳನ್ನು ಕಟ್ಟೆಯ ಮೇಲೆ ಒಟ್ಟಿಗೆ ಬಿಚ್ಚಿ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಕೂಡದು, ಬೆದರಿಸಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಬ್ಯಾಂಕುಗಳಿಗೆ ತಾಕೀತು ಮಾಡಿದೆ. ಸಣ್ಣ ಸಾಲದವರ ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೂ ಬಂದಿದೆ. ನಾಚಿಕೊಂಡು ಒಳಮನೆಯಲ್ಲಿ ಕೂತವನಿಗೆ ಇವು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಸಾಲ ತೀರಿದ ಮೇಲೆ ಬದುಕೋಣ ಎಂದು ಕಾಯಬೇಡಿ. ಈ ವರ್ಷದ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿ ಬನ್ನಿ. ಮಗಳನ್ನು ಶಾಲೆಗೆ ಕಳಿಸಿ. ಸಾಲ ಇದ್ದವನು ನಗಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.