ಬೋರ್ಡು ಕನ್ನಡವಾಯಿತು, ಕೀಬೋರ್ಡು?

ಅಂಗಡಿ ಮುಂದಿನ ಬೋರ್ಡಿಗಾಗಿ ನಾವು ಬೀದಿಗಿಳಿದೆವು. ಲಾಠಿ ಏಟು ತಿಂದೆವು, ಕೇಸು ಹಾಕಿಸಿಕೊಂಡೆವು. ಕೊನೆಗೆ 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ನಾಮಫಲಕದಲ್ಲಿ ಶೇ. 60ರಷ್ಟು ಜಾಗ ಕನ್ನಡಕ್ಕೆ ಎಂದಾಯಿತು. ಸಂತೋಷ. ಈಗ ಅದೇ ಅಂಗಡಿಯ ಒಳಗೆ ಹೋಗಿ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿರುವ ಗಣಕಯಂತ್ರ ನೋಡಿ. ಅದರ ಕೀಬೋರ್ಡಿನಲ್ಲಿ ಕನ್ನಡಕ್ಕೆ ಶೇಕಡಾ ಎಷ್ಟು ಜಾಗವಿದೆ? ಸೊನ್ನೆ! ಅಂಗಡಿ ಬಿಡಿ, ತಾಲೂಕು ಕಚೇರಿಗೆ ಹೋಗಿ ನೋಡಿ. ಅಲ್ಲೂ ಅದೇ ಸೊನ್ನೆ.

ಇದು ನನ್ನ ತಲೆಗೆ ಬಡಿದದ್ದು ಬಿಳಿಗಿರಿರಂಗನ ಬೆಟ್ಟದ ಒಬ್ಬ ಹುಡುಗನಿಂದ. ಸೋಲಿಗರ ಹುಡುಗ. ಬೆಟ್ಟದ ಒಂದು ಪೋಡಿನಿಂದ ಇಳಿದು ಕೊಳ್ಳೇಗಾಲದ ನನ್ನ ಪ್ರೆಸ್ಸಿಗೆ ಬಂದಿದ್ದ. ಗ್ರಾಮಸಭೆಯ ಸದಸ್ಯರ ಹೆಸರು, ಪೋಡಿನ ಸುತ್ತಲ ದೇವರ ಜಾಗಗಳ ಹೆಸರು ಎಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಿಕೊಡಿ ಅಂದ. ಕೊಟ್ಟ ಹಾಳೆ ನೋಡಿದರೆ ಎಲ್ಲವೂ ಇಂಗ್ಲಿಷ್ ಅಕ್ಷರ.

‘ಯಾಕಪ್ಪ, ನಿನಗೆ ಕನ್ನಡ ಬರಲ್ವಾ?’ ಎಂದು ರೇಗಿದೆ.

‘ನಂಗ ಬತ್ತದ ಕನಣ್ಣ. ಆ ಕಂಪ್ಯೂಟರ್‌ಗ ಬರದಿಲ್ಲ’ ಅಂದ.

ಹಾಳೆಯ ಮೊದಲ ಹೆಸರೇ ಎಂ, ಎ, ಡಿ, ಎ. ಇದು ಮಾದನೋ, ಮದನೋ, ಮಾಡನೋ, ಮಡನೋ? ಬೆಟ್ಟದ ಕಡೆಯವರಾದ್ದರಿಂದ ಮಾದ ಎಂದು ನಮಗೆ ಗೊತ್ತು. ಬೇರೆ ಊರಿಂದ ಬಂದ ಗುಮಾಸ್ತನಿಗೆ ಗೊತ್ತೇ? ಇನ್ನೂ ಕೆಳಗೆ ‘ಕಲ್ಲುಗುಡಿ’. ಸೋಲಿಗರಿಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಕಾಡಿನೊಳಗೆ ಬೇರೆ ಬೇರೆ ಪೂಜೆಯ ನೆಲೆಗಳಿವೆ. ಇಂಗ್ಲಿಷಿನಲ್ಲಿ ಬರೆದ ಕಲ್ಲುಗುಡಿಯನ್ನು ಓದುವವನು ‘ಕಳ್ಳುಗುಡಿ’ ಎಂದೂ ಓದಬಹುದು! ಹೆಂಡದಂಗಡಿ ಅಂದುಕೊಂಡಾನು. ನಗಬೇಡಿ. ಈ ಹುಡುಗನ ತಾತನ ಹೆಸರು ಒಂದು ಸರಕಾರಿ ಕಾಗದದಲ್ಲಿ ಹೀಗೆಯೇ ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ವಾಪಸು ಬರುವಷ್ಟರಲ್ಲಿ ‘ಮಾಡ’ ಆಗಿತ್ತು. ತಾತ ಮಾದ ಬೇರೆ, ಕಾಗದದ ಮಾಡ ಬೇರೆ ಎಂದು ಕಚೇರಿಯವರು ಕೂತರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಮೇಲೆ, 2011ರಲ್ಲಿ ಈ ಬೆಟ್ಟದ ಸೋಲಿಗರಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅಂಥ ಕಡೆ ಹೆಸರಿನ ಒಂದು ಅಕ್ಷರ ತಪ್ಪಿದರೆ ಕಾಲ ಕೆಳಗಿನ ನೆಲ ಯಾರದು ಎಂಬ ಪ್ರಶ್ನೆ ಏಳುತ್ತದೆ.

ಯಳಂದೂರಿನ ಮೇಲೆ ಬಸ್ಸು ಹತ್ತಿ ಬೆಟ್ಟಕ್ಕೆ ಹೋದೆ, ಆ ಯಂತ್ರವನ್ನೇ ನೋಡೋಣ ಎಂದು. ಹಳೆಯ ಯಂತ್ರ, ಲಿನಕ್ಸ್ ಹಾಕಿದ್ದರು. ಮಕ್ಕಳು ಮೌಸ್ ಹಿಡಿದು ಸರಸರ ಚಿತ್ರ ಬಿಡಿಸುತ್ತಿದ್ದವು. ಕೀಲಿಮಣೆ ಮುಟ್ಟುವವರೇ ಇಲ್ಲ. ಕಾರಣ ಸರಳ, ಮೌಸಿಗೆ ಭಾಷೆಯಿಲ್ಲ. ಎಡಕ್ಕೆ ಇಷ್ಟು, ಮೇಲಕ್ಕೆ ಇಷ್ಟು ಜರುಗಿದೆ ಎಂದಷ್ಟೇ ಅದು ವರದಿ ಒಪ್ಪಿಸುತ್ತದೆ. ಆ ವರದಿ ಕೂಡಿಸಿ ಬಾಣವನ್ನು ಪರದೆಯ ಮೇಲೆ ಎಲ್ಲಿ ನಿಲ್ಲಿಸಬೇಕು, ಬಾಣದ ಕೆಳಗೆ ಯಾವ ಕಿಟಕಿ ಇದೆ, ಕ್ಲಿಕ್ ಯಾರಿಗೆ ತಲುಪಬೇಕು ಎಂದು ತೀರ್ಮಾನಿಸುವವನು ಇನ್ನೊಬ್ಬ. ಅವನ ಹೆಸರು ಡಿಸ್‌ಪ್ಲೇ ಸರ್ವರ್. ಗೆಳೆಯರೇ, ಈ ಹೆಸರು ನೆನಪಿಟ್ಟುಕೊಳ್ಳಿ. ಕೀಲಿಮಣೆಗೂ ಪರದೆಗೂ ನಡುವೆ ಕೂತ ಈ ದಲ್ಲಾಳಿಯ ಹತ್ತಿರ ಕನ್ನಡದ ಕೆಲಸ ಬಾಕಿ ಇದೆ.

ಒಂದು ಕೀಲಿ ಒತ್ತಿದರೆ ಏನಾಗುತ್ತದೆ? ಇಂಗ್ಲಿಷಿನ ಕೆ ಎಂದು ಬರೆದಿರುವ ಕೀಲಿ ಒತ್ತಿ. ಯಂತ್ರಕ್ಕೆ ಕೆ ಎಂಬ ಅಕ್ಷರ ಹೋಗುವುದೇ ಇಲ್ಲ! ಹೋಗುವುದು ಒಂದು ಸಂಖ್ಯೆ. ಲಿನಕ್ಸಿನ ಒಳಗೆ ಆ ಸಂಖ್ಯೆ 37. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 1987ರಿಂದ ಎಕ್ಸ್-11 ಎಂದು ಹೆಸರಾದ ಡಿಸ್‌ಪ್ಲೇ ಸರ್ವರ್ ಅದಕ್ಕೆ 8 ಕೂಡಿಸಿ 45 ಮಾಡಿಕೊಳ್ಳುತ್ತದೆ. ಆಮೇಲೆ ಒಂದು ಪಟ್ಟಿ ತೆರೆದು 45ರ ಮನೆಯಲ್ಲಿ ಏನಿದೆ ಎಂದು ನೋಡುತ್ತದೆ. ಇಂಗ್ಲಿಷಿನ ಪಟ್ಟಿಯಾದರೆ ಕೆ, ಕನ್ನಡದ ಪಟ್ಟಿಯಾದರೆ ಕ. ಅಷ್ಟೇ ವ್ಯತ್ಯಾಸ. ಕೀಲಿಯ ಮೇಲೆ ಅಚ್ಚಾದ ಅಕ್ಷರ ಬರೀ ಬಣ್ಣ. ಆ ಪ್ಲಾಸ್ಟಿಕ್ ತುಂಡು ಇಂಗ್ಲಿಷಿನದೂ ಅಲ್ಲ, ಯಾರಪ್ಪನದೂ ಅಲ್ಲ.

ನಾನು ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಕಲಿತವನು. ಸೀಸದ ಮೊಳೆಗಳ ಕೇಸಿನಲ್ಲಿ ಯಾವ ಗೂಡಿನಲ್ಲಿ ಯಾವ ಅಕ್ಷರ ಎಂಬುದು ಕೈಗೆ ಗೊತ್ತಿರುತ್ತಿತ್ತು, ಕಣ್ಣಿಗಲ್ಲ. ಡಿಸ್‌ಪ್ಲೇ ಸರ್ವರಿನ ಪಟ್ಟಿಯೂ ಅಂಥದೇ ಕೇಸು. ಗೂಡಿಗೆ ನಂಬರು ಇದೆ, ಒಳಗೆ ಯಾವ ಮೊಳೆ ಹಾಕುತ್ತೀರೋ ಅದು ನಿಮ್ಮಿಷ್ಟ. ಹಾಗಾದರೆ ಬೆಟ್ಟದ ಆ ಯಂತ್ರದಲ್ಲಿ ಕನ್ನಡದ ಮೊಳೆ ಇರಲಿಲ್ಲವೇ? ಇತ್ತು! ಒಳಗೇ ಕೂತಿತ್ತು. ಭಾರತದ ಭಾಷೆಗಳ ಪಟ್ಟಿಯಲ್ಲಿ ಕನ್ನಡದ್ದು ಎರಡಿವೆ. ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ. ಯಂತ್ರ ತಂದುಕೊಟ್ಟವರು ಅದನ್ನು ಚಾಲೂ ಮಾಡಿರಲಿಲ್ಲ. ನಾಲ್ಕು ಕ್ಲಿಕ್ಕಿನ ಕೆಲಸ. ಏಕಕಾಲಕ್ಕೆ ನಾಲ್ಕು ಭಾಷೆಯ ಪಟ್ಟಿ ಇಟ್ಟುಕೊಳ್ಳುವಷ್ಟು ಜಾಗ ಸರ್ವರಿನಲ್ಲಿದೆ, ಕನ್ನಡಕ್ಕೆ ಒಂದು ಕುರ್ಚಿ ಹಾಕಲು ಯಾರಿಗೂ ತೋಚಲಿಲ್ಲ. ಇದಕ್ಕೆ ದಿಲ್ಲಿಯನ್ನು ಬೈಯಬೇಕೋ, ಅಮೆರಿಕವನ್ನು ಬೈಯಬೇಕೋ? ನಮ್ಮ ಅಭಿಮಾನಶೂನ್ಯತೆಯನ್ನೇ ಬೈದುಕೊಳ್ಳಬೇಕು.

ಚಾಲೂ ಮಾಡಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಇದು ಸ್ವಲ್ಪ ಸೂಕ್ಷ್ಮ, ತಾಳ್ಮೆಯಿಂದ ಓದಿ.

ನಮ್ಮ ಬೆರಳಿಗೆ ಒಗ್ಗಿರುವುದು ನಾಡೋಜ ಕೆ.ಪಿ. ರಾವ್ ಅವರ ವಿನ್ಯಾಸ. ಕಿನ್ನಿಕಂಬಳದ ಈ ಮಹನೀಯರು ಕನ್ನಡದ ಅಕ್ಷರಗಳನ್ನು ಉಚ್ಚಾರದ ಪ್ರಕಾರವೇ ಇಪ್ಪತ್ತಾರು ಕೀಲಿಗಳಿಗೆ ಕೂರಿಸಿದರು. ನುಡಿ ತಂತ್ರಾಂಶದಿಂದ ಅದು ಮನೆಮಾತಾಯಿತು. ಇದರಲ್ಲಿ ‘ಬೆಟ್ಟ’ ಎಂದು ಬರೆಯಲು ಬಿ, ಇ, ಕ್ಯೂ, ಎಫ್, ಕ್ಯೂ ಎಂಬ ಐದು ಕೀಲಿ ಸಾಕು. ಎಫ್ ಒತ್ತಿದರೆ ಒತ್ತಕ್ಷರ. ಆದರೆ ಸ್ವರದ ಕೀಲಿ ನೋಡಿ. ‘ಬಿಳಿಗಿರಿ’ ಬರೆಯುವಾಗ ಬ ಆದಮೇಲೆ ಐ ಕೀಲಿ ಒತ್ತಿದರೆ ಗುಡಿಸು ಬರಬೇಕು. ಅದೇ ಕೀಲಿಯನ್ನು ‘ಇರುವೆ’ ಬರೆಯಲು ಮೊದಲಿಗೇ ಒತ್ತಿದರೆ ಪೂರ್ತಿ ಇ ಬರಬೇಕು. ಅಂದರೆ ಕೀಲಿಗೆ ಹಿಂದಿನ ಅಕ್ಷರ ಯಾವುದೆಂದು ನೆನಪಿರಬೇಕು. ಡಿಸ್‌ಪ್ಲೇ ಸರ್ವರಿನ ಪಟ್ಟಿಗೆ ನೆನಪಿಲ್ಲ! ಅದು ಈಗ ಒತ್ತಿದ್ದಕ್ಕೆ ಈಗ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹೀಗಾಗಿ ಅದರೊಳಗಿನ ಕಗಪ ಪಟ್ಟಿಯಲ್ಲಿ ಸ್ವರಕ್ಕೂ ಗುಣಿತದ ಚಿಹ್ನೆಗೂ ಬೇರೆ ಬೇರೆ ಅಂತಸ್ತು ಮಾಡಿ, ಬಲಗಡೆಯ ಆಲ್ಟ್ ಕೀಲಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗುವಂತೆ ಇಟ್ಟಿದ್ದಾರೆ. ನುಡಿಯಲ್ಲಿ ಪಳಗಿದವನು ಅಲ್ಲಿ ಮುಗ್ಗರಿಸುತ್ತಾನೆ.

ಈಗ ಇನ್‌ಸ್ಕ್ರಿಪ್ಟ್ ನೋಡಿ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಎಂದು ಮಾಡಿದ್ದು. ದಿಲ್ಲಿಯದು ಎಂದು ನಾವು ಮೂಗು ಮುರಿದೆವು. ನಾನೂ ಮುರಿದಿದ್ದೇನೆ. ಆದರೆ ಅದರಲ್ಲಿ ಗುಡಿಸಿಗೆ ಒಂದು ಕೀಲಿ, ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ ಇ. ನೆನಪಿನ ಅಗತ್ಯವೇ ಇಲ್ಲ. ಆದ್ದರಿಂದ ಅದು ಡಿಸ್‌ಪ್ಲೇ ಸರ್ವರಿನ ಪಟ್ಟಿಯಲ್ಲಿ ಅಳತೆ ತೆಗೆದು ಹೊಲಿದಂತೆ ಕೂತಿತು. ನಮ್ಮ ಪ್ರೀತಿಯ ವಿನ್ಯಾಸ ಮಾತ್ರ ಜಗಲಿಯಲ್ಲೇ ಉಳಿಯಿತು. ಅದು ನಮಗೆ ಬೇಕಾದ ಹಾಗೆ ನಡೆಯಬೇಕಾದರೆ ಸರ್ವರಿಗೂ ನಾವು ಬರೆಯುವ ತಂತ್ರಾಂಶಕ್ಕೂ ನಡುವೆ ನೆನಪಿರುವ ಇನ್ನೊಬ್ಬ ಬೇಕು. ಅವನನ್ನು ಇನ್‌ಪುಟ್ ಮೆಥಡ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಐಬಸ್ ಎಂಬುದಿದೆ. ಅದಕ್ಕೆ ಎಂ-17-ಎನ್ ಎಂಬ ಭಂಡಾರ ಸೇರಿಸಿದರೆ ಕನ್ನಡದ ಕೆಜಿಪಿ ವಿನ್ಯಾಸ ಸಿಗುತ್ತದೆ. ಅನಂತ ಸುಬ್ಬರಾಯರು ಟೈಪ್‌ರೈಟರಿಗೆಂದು ಮಾಡಿದ ಕೀಲಿಮಣೆಯ ಪರಂಪರೆಯಲ್ಲಿ ಬೆರಳು ಪಳಗಿಸಿಕೊಂಡ ಹಿರಿಯರಿಗೂ ಅದೇ ಭಂಡಾರದಲ್ಲಿ ಟೈಪ್‌ರೈಟರ್ ವಿನ್ಯಾಸವಿದೆ. ಬೆಟ್ಟದಲ್ಲಿ ನಾನು ಹಾಕಿದ್ದು ಕೆಜಿಪಿಯನ್ನೇ.

ಇಷ್ಟಕ್ಕೇ ಮುಗಿದಿದ್ದರೆ ಈ ಸಂಪಾದಕೀಯ ಬರೆಯುತ್ತಿರಲಿಲ್ಲ. ಈಗ ದಲ್ಲಾಳಿಯೇ ಬದಲಾಗುತ್ತಿದ್ದಾನೆ! ಮೂರು ದಶಕ ಮೀರಿ ದುಡಿದ ಎಕ್ಸ್‌ಗೆ ನಿವೃತ್ತಿ. ಅದರ ಜಾಗಕ್ಕೆ 2008ರಲ್ಲಿ ಶುರುವಾದ ವೇಲ್ಯಾಂಡ್ ಎಂಬ ಹೊಸ ಪದ್ಧತಿ ಬಂದಿದೆ. ಫೆಡೋರಾ 2016ರಲ್ಲೇ ಅದಕ್ಕೆ ತಿರುಗಿತು. ಉಬುಂಟು 2025ರ ಅಕ್ಟೋಬರ್ ಆವೃತ್ತಿಯಲ್ಲಿ ತನ್ನ ಮುಖ್ಯ ಡೆಸ್ಕ್‌ಟಾಪಿನಿಂದ ಎಕ್ಸ್ ಅಧಿವೇಶನವನ್ನು ತೆಗೆದೇ ಹಾಕಿತು. ಬದಲಾವಣೆಗೆ ಒಳ್ಳೆಯ ಕಾರಣವೂ ಇದೆ. ಎಕ್ಸ್‌ನಲ್ಲಿ ಓಡುವ ಯಾವುದೇ ತಂತ್ರಾಂಶ ನೀವು ಪಕ್ಕದ ಕಿಟಕಿಯಲ್ಲಿ ಒತ್ತುವ ಕೀಲಿಗಳನ್ನು ಕದ್ದು ಕೇಳಬಹುದಿತ್ತು, ಬ್ಯಾಂಕಿನ ಗುಪ್ತಪದವನ್ನೂ ಸೇರಿಸಿ. ವೇಲ್ಯಾಂಡಿನಲ್ಲಿ ಎದುರಿಗಿರುವ ಕಿಟಕಿಗೆ ಮಾತ್ರ ಕೀಲಿಯ ಸುದ್ದಿ ಹೋಗುತ್ತದೆ. ಪಟ್ಟಿ ಹಳೆಯದೇ, ಅದನ್ನು ಹಂಚುವ ಯಜಮಾನ ಮಾತ್ರ ಬೇರೆ. ಅವನಿಗೆ ಇಟ್ಟ ಹೆಸರು ಕೇಳಿ ನನಗೆ ನಗು ಬಂತು: ಕಂಪೋಸಿಟರ್! ಸೀಸದ ಕಾಲ ಮುಗಿದು ನಮ್ಮ ಪ್ರೆಸ್ಸಿನ ಕಂಪೋಸಿಟರುಗಳು ಮನೆಗೆ ಹೋದರು, ಆ ಹೆಸರು ಮಾತ್ರ ಗಣಕಯಂತ್ರದೊಳಗೆ ಹೊಸ ಕೆಲಸ ಹಿಡಿದಿದೆ.

ಹೊಸ ಯಜಮಾನ ಬಂದಾಗ ಹಳೆಯ ಒಳದಾರಿಗಳು ಮುಚ್ಚುತ್ತವೆ. ಎಕ್ಸ್‌ಮಾಡ್‌ಮ್ಯಾಪ್, ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಅಪ್ಪಣೆಗಳಿಂದ ಕೀಲಿ ಬದಲಿಸಿಕೊಂಡು ಕನ್ನಡ ಬರೆಯುತ್ತಿದ್ದವರಿಗೆ ವೇಲ್ಯಾಂಡಿನ ತಂತ್ರಾಂಶಗಳಲ್ಲಿ ಅದು ನಡೆಯುವುದಿಲ್ಲ. ಐಬಸ್‌ನಂಥ ಇನ್‌ಪುಟ್ ಮೆಥಡ್ ಈಗ ಕಂಪೋಸಿಟರಿನ ಅನುಮತಿಯಲ್ಲಿ, ಅವನ ಒಪ್ಪಂದದ ಪ್ರಕಾರ ಮಾತಾಡಬೇಕು. ಒಂದು ಕಂಪೋಸಿಟರ್ ಆ ಒಪ್ಪಂದ ಪೂರ್ತಿ ಪಾಲಿಸುತ್ತದೆ, ಇನ್ನೊಂದು ಅರ್ಧ. ಚೀನಿಯರು, ಜಪಾನಿನವರು, ಕೊರಿಯಾದವರು ಇದಕ್ಕೆ ಮುಗಿಬಿದ್ದು ಕೆಲಸ ಮಾಡುತ್ತಿದ್ದಾರೆ. ಇನ್‌ಪುಟ್ ಮೆಥಡ್ ಇಲ್ಲದಿದ್ದರೆ ಅವರ ಬರವಣಿಗೆಯೇ ನಿಲ್ಲುತ್ತದೆ. ನಮ್ಮವರು? ಮೊಬೈಲಿನಲ್ಲಿ ‘ನಮಸ್ಕಾರ’ ಎಂಬುದನ್ನು ಇಂಗ್ಲಿಷಿನಲ್ಲಿ ಹೊಡೆದು ನಿದ್ದೆ ಹೋಗುತ್ತಾರೆ.

ಕಂಬಳಿ ಹೊದ್ದು ಮಲಗಿದವರಲ್ಲಿ ನಮ್ಮ ಮುದ್ರಣದವರೂ ಇದ್ದೇವೆ, ಒಪ್ಪಿಕೊಳ್ಳುತ್ತೇನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಮನೆ ಸಿಕ್ಕಿತು. ನಾವು ಎಷ್ಟೋ ವರ್ಷ ಹಳೆಯ ಫಾಂಟುಗಳಿಗೇ ಜೋತುಬಿದ್ದೆವು. ಒಂದು ಪ್ರೆಸ್ಸಿನ ಕಡತ ಇನ್ನೊಂದು ಪ್ರೆಸ್ಸಿನಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು.

ಬೆಂಗಳೂರಿನ ಕನ್ನಡದ ಹುಡುಗರೇ, ಹುಡುಗಿಯರೇ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಇಡೀ ಜಗತ್ತಿನ ತಂತ್ರಾಂಶ ತಿದ್ದುವವರು ನೀವೇ. ಡಿಸ್‌ಪ್ಲೇ ಸರ್ವರಿನ ಈ ಪಟ್ಟಿ ಯಾರ ಗುಟ್ಟೂ ಅಲ್ಲ, ಯಾರು ಬೇಕಾದರೂ ಓದಿ ತಿದ್ದುಪಡಿ ಕಳಿಸಬಹುದು. 2020ರಿಂದ ಈಚೆಗೆ ಬಂದ ಲಿಬ್‌ಎಕ್ಸ್‌ಕೆಬಿಕಾಮನ್‌ನಲ್ಲಿ, ಯಂತ್ರದ ಮಾಲೀಕನ ಅನುಮತಿ ಕೇಳದೆ ನಿಮ್ಮದೇ ಕಡತದಲ್ಲಿ ಸ್ವಂತ ಪಟ್ಟಿ ಬರೆದಿಟ್ಟುಕೊಳ್ಳುವ ಅವಕಾಶವೂ ಇದೆ. ಈ ಭಾನುವಾರ ಒಂದು ಗಂಟೆ ಕೊಡಿ. ನಿಮ್ಮ ಯಂತ್ರದಲ್ಲಿ ವೇಲ್ಯಾಂಡ್ ಓಡುತ್ತಿರುವಾಗ ಕೆಜಿಪಿ ಹಾಕಿ ‘ಕ್ಷೇತ್ರ’, ‘ಲಕ್ಷ್ಮಿ’, ‘ಅರ್ಕಾವತಿ’ ಹೊಡೆದು ನೋಡಿ. ಎಲ್ಲಿ ಒತ್ತು ಜಾರುತ್ತದೆ, ಎಲ್ಲಿ ಕೀಲಿ ನುಂಗುತ್ತದೆ, ಬರೆದು ಆ ತಂತ್ರಾಂಶದವರಿಗೆ ದೂರು ಕೊಡಿ. ಪುಸ್ತಕ ಬಿಡುಗಡೆಯಲ್ಲಿ ಭಾಷಣ ಕೇಳಿದ್ದಕ್ಕಿಂತ ಇದು ಹೆಚ್ಚಿನ ಕನ್ನಡ ಸೇವೆ.

ಸರಕಾರಕ್ಕೂ ಒಂದು ಮಾತು. ಆಡಳಿತ ಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಗಣಕಯಂತ್ರ ಕೊಳ್ಳುವ ಟೆಂಡರಿನಲ್ಲಿ ಮೆಮೊರಿ ಎಷ್ಟು, ಪರದೆ ಎಷ್ಟು ಇಂಚು ಎಂದು ಸಾಲುಸಾಲು ಬರೆಯುತ್ತೀರಿ. ಅದರಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಪೆಟ್ಟಿಗೆ ಬಿಚ್ಚಿದ ಗಳಿಗೆಯಲ್ಲೇ ಕನ್ನಡ ಕೀಲಿಮಣೆ ಚಾಲೂ ಆಗಿರಬೇಕು, ಕೆ.ಪಿ. ರಾವ್ ವಿನ್ಯಾಸವೂ ಇರಬೇಕು, ಇನ್‌ಸ್ಕ್ರಿಪ್ಟೂ ಇರಬೇಕು, ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕು. ಇಲ್ಲದಿದ್ದರೆ ಸರಕು ವಾಪಸು, ಬಿಲ್ಲು ತಡೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಚೇರಿಗಳಿಗೆ ತಪಾಸಣೆಗೆ ಹೋದಾಗ ಬೋರ್ಡು ನೋಡಿ ಹಿಂತಿರುಗದೆ, ಒಳಗೆ ಹೋಗಿ ಒಂದು ಕೀಲಿ ಒತ್ತಿ ನೋಡಲಿ.

ಬೆಟ್ಟದಲ್ಲಿ ಆ ಹುಡುಗ ಕೆಜಿಪಿ ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು. ಎಂ ಒತ್ತಿದ, ಶಿಫ್ಟ್ ಹಿಡಿದು ಎ ಒತ್ತಿದ, ಡಿ ಒತ್ತಿದ. ಮಾದ. ಡ ಬೇಕಾದರೆ ಡಬ್ಲ್ಯು ಒತ್ತಬೇಕು, ಅದು ಮೇಲಿನ ಸಾಲಿನಲ್ಲಿ, ಬೇರೆ ಬೆರಳಿಗೆ. ‘ಇದ್ರಲ್ಲಿ ತಪ್ಪಾಗಕ ದಾರಿನೇ ಇಲ್ಲ ಕನಣ್ಣ’ ಅಂದ. ಪುಸ್ತಕ ಅಚ್ಚಾಗಿ ಹೋಯಿತು. ತಾತನ ಹೆಸರು ತಿದ್ದಿಕೊಡಿ ಎಂಬ ಅರ್ಜಿಯನ್ನೂ ಅವನೇ ಕನ್ನಡದಲ್ಲಿ ಹೊಡೆದು ಕಚೇರಿಗೆ ಕೊಟ್ಟಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.